ಸಂಜೆಗೆ ಸಿಗುವ ಮನೆ

ಅಫಜಲಪುರದಿಂದ ಗಾಣಗಾಪುರದ ಕಡೆ ಹೋಗುವ ದಾರಿ. ಜನವರಿಯ ಇಳಿಹೊತ್ತು. ಕೊಯ್ದು ಬಯಲಾದ ತೊಗರಿ ಹೊಲದ ನಡುವೆ ಒಬ್ಬ ಹೆಣ್ಣುಮಗಳು ಒಬ್ಬಳೇ ನಿಂತು ಕುದುರೆಯ ಬೆನ್ನ ಮೇಲಿನಿಂದ ಮನೆ ಇಳಿಸುತ್ತಿದ್ದಳು. ಹೌದು, ಮನೆ! ಮೊದಲು ರೊಟ್ಟಿ ಹಂಚು ಇಳಿಯಿತು. ಆಮೇಲೆ ಎರಡು ಬೋಗುಣಿ, ಒಂದು ಕೊಡ, ಗೂಟಗಳ ಕಟ್ಟು, ಸುತ್ತಿಟ್ಟ ಬಲೆ, ನಾಲ್ಕು ಕಂಬಳಿ, ಕಾಲು ಕಟ್ಟಿದ ಒಂದು ಕೋಳಿ. ಕೊನೆಗೆ ಬಿದಿರಿನ ದೊಡ್ಡ ಬುಟ್ಟಿ. ಅದರೊಳಗೆ ಆರು ತಲೆ. ಐದು ಕುರಿಮರಿಗಳವು, ಆರನೆಯದು ಅವಳ ಕೂಸಿನದು. ಮರಿಯೊಂದರ ಕೊರಳು ಅಪ್ಪಿಕೊಂಡು ಅದು ಗಾಢ ನಿದ್ದೆಯಲ್ಲಿತ್ತು.

ಬೈಕ್ ನಿಲ್ಲಿಸಿದ ನಾನು ಅಲ್ಲೇ ನಿಂತುಬಿಟ್ಟೆ.

“ಮನಿಯವರು ಎಲ್ಲಿ ಹೋಗ್ಯಾರ ತಂಗಿ?”

“ಕುರಿ ಹಿಂದ ಅದಾರ್ರಿ ಅಣ್ಣಾ. ಹೊತ್ತು ಮುಳುಗೋದ್ರಾಗ ಬರ್ತಾರ.”

“ಇದೇ ಹೊಲ ಅಂತ ಅವರಿಗೆ ಹ್ಯಾಂಗ ಗೊತ್ತಾಗ್ತದ?”

ಅವಳಿಗೆ ನಗು ತಡೆಯಲಿಲ್ಲ. “ನಾ ಒಲಿ ಹೂಡಿದಲ್ಲಿಗೇ ಬರಬೇಕಲ್ರಿ. ಮತ್ತೆಲ್ಲಿ ಹೋಗ್ತಾರ!”

ಅಷ್ಟು ಹೇಳಿ ಬದುವಿನ ಕಡೆ ನಡೆದಳು. ಜಾಲಿ ಮುಳ್ಳಿನ ಬುಡಕ್ಕೆ ಕೈ ಹಾಕಿ ಒಂದು ಕಲ್ಲು ತೆಗೆದಳು, ಇನ್ನೊಂದು ತೆಗೆದಳು, ಮತ್ತೊಂದು. ಮೂರಕ್ಕೂ ಒಂದೊಂದು ಮಗ್ಗುಲು ಮಸಿ ಹಿಡಿದಿತ್ತು. ಹೋದ ವರ್ಷ ತಾನೇ ಮುಚ್ಚಿಟ್ಟು ಹೋದ ಒಲೆಗಲ್ಲುಗಳು!

ಕಲಬುರಗಿ ಸೀಮೆಯವನಾದ ನಾನು ಕುರಿಹಿಂಡು ಕಾಣದವನೇನಲ್ಲ. ರಸ್ತೆ ತುಂಬ ಬಂದಾಗ ಹಾರ್ನ್ ಹೊಡೆದು ಬೈದುಕೊಂಡವರಲ್ಲಿ ನಾನೂ ಒಬ್ಬ. ಆದರೆ ಆ ಧೂಳಿನ ಹಿಂದೆ ಒಂದು ಸಂಸಾರ ದಿನಾ ಮುಂಜಾನೆ ಎರಡಾಗಿ ದಿನಾ ಸಂಜೆ ಒಂದಾಗುತ್ತದೆ ಅನ್ನುವುದು ಗೊತ್ತೇ ಇರಲಿಲ್ಲ. ಗಂಡ ಹೋಗುವುದು ಹುಲ್ಲಿನ ದಾರಿ. ಬದು, ಹಳ್ಳ, ಬೀಳು ಹೊಲ, ಎಲ್ಲಿ ಹಸಿರು ಕಂಡರೆ ಅಲ್ಲಿಗೆ, ಸೊಟ್ಟಸೊಟ್ಟ. ಹೆಂಡತಿ ಹೋಗುವುದು ನೆಟ್ಟಗಿನ ದಾರಿ, ಕುದುರೆಯ ಮೇಲೆ ಮನೆ ಹೇರಿಕೊಂಡು. ಇವತ್ತಿನ ರಾತ್ರಿ ಯಾರ ಹೊಲ ಅಂತ ಮಾತು ಆಗಿರುತ್ತದೆ, ಅಷ್ಟೇ. ಈಗ ಮೊಬೈಲ್ ಇದೆಯಲ್ಲ ಎನ್ನುತ್ತೀರಿ. ಅವನ ಹತ್ತಿರವೂ ಇತ್ತು. ಚಾರ್ಜ್ ಮುಗಿದು ಎರಡು ದಿನವಾಗಿತ್ತು.

ಹೊತ್ತು ಕೆಂಪಾಗುವಾಗ ಪಡುವಣ ಬದುವಿನ ಮೇಲೆ ಕಪ್ಪು ಗೆರೆಯೊಂದು ಮೂಡಿತು. ದಖನಿ ಕುರಿ, ಇಲ್ಲಿಯ ಎರೆಮಣ್ಣಿನದೇ ಬಣ್ಣ. ಹತ್ತಿರ ಬರಬರುತ್ತ ಆ ಗೆರೆ ಹಿಂಡಾಯಿತು, ಹಿಂಡು ಸದ್ದಾಯಿತು. ಅವಳು ಅಷ್ಟರಲ್ಲಿ ಗೂಟ ಬಡಿದು ಬಲೆ ಕಟ್ಟಿ ದೊಡ್ಡಿ ಮಾಡಿ ಮುಗಿಸಿದ್ದಳು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರೋ ಇಲ್ಲವೋ, ನನಗಂತೂ ಕಾಣಲಿಲ್ಲ. ಅವನು ಹೆಗಲ ಮೇಲಿದ್ದ ಕುಂಟು ಮರಿಯನ್ನು ಅವಳ ಕೈಗೆ ಕೊಟ್ಟ. ಅವಳು ನೀರಿನ ಚಂಬು ಅವನ ಕೈಗೆ ಕೊಟ್ಟಳು.

ಆಮೇಲೆ ಬುಟ್ಟಿಯ ಮರಿಗಳನ್ನೂ ಹಿಂಡಿನಿಂದ ಬೇರೆಯಾಗಿ ಬಂದ ಉಳಿದ ಮರಿಗಳನ್ನೂ ಬಿಟ್ಟರು.

ಇದನ್ನು ಹೇಗೆ ಬರೆಯಲಿ? ಇನ್ನೂರಕ್ಕೂ ಹೆಚ್ಚು ತಾಯಿ ಕುರಿಗಳು ಒಟ್ಟಿಗೆ ಕೂಗುತ್ತಿವೆ, ಮರಿಗಳು ಒಟ್ಟಿಗೆ ಓಗೊಡುತ್ತಿವೆ, ಕಿವಿ ಗಡಚಿಕ್ಕುವ ಗದ್ದಲ, ನನಗೆ ಎಲ್ಲವೂ ಒಂದೇ ಬಣ್ಣ, ಒಂದೇ ದನಿ. ಅಂಥದರಲ್ಲಿ ಹುಟ್ಟಿ ನಾಲ್ಕು ದಿನದ ಮರಿ, ಕಾಲೇ ಇನ್ನೂ ಗಟ್ಟಿಯಿಲ್ಲದ ಮರಿ, ನೂರಾರು ಹೊಟ್ಟೆಗಳ ಅಡಿಯಲ್ಲಿ ನುಸುಳಿ ತನ್ನ ತಾಯಿಯ ಕೆಚ್ಚಲಿಗೇ ಹೋಗಿ ಬಾಯಿ ಹಾಕುತ್ತದೆ! ತಾಯಿ ಬಾಲದ ಬುಡ ಮೂಸಿ ನೋಡುತ್ತಾಳೆ. ತನ್ನದಾದರೆ ನಿಲ್ಲುತ್ತಾಳೆ, ಅಲ್ಲವಾದರೆ ಒದೆಯುತ್ತಾಳೆ. ದನಿ ದೂರದ ಗುರುತು, ವಾಸನೆ ಹತ್ತಿರದ ಗುರುತು. ಐದೇ ನಿಮಿಷ. ಗದ್ದಲ ಅಡಗಿ ಇಡೀ ಹೊಲದಲ್ಲಿ ಹಾಲು ಚೀಪುವ ಸದ್ದು ಮಾತ್ರ ಉಳಿಯಿತು.

ಒಂದು ಚೊಚ್ಚಲು ಕುರಿ ಮಾತ್ರ ಮರಿಯನ್ನು ಒಲ್ಲೆ ಅಂತು. ಬಂದಾಗೊಮ್ಮೆ ಒದೆಯಿತು. ಹೆಣ್ಣುಮಗಳು ಅದನ್ನು ಮೊಣಕಾಲ ನಡುವೆ ಅವುಚಿ ಹಿಡಿದು, ಮರಿಯ ಮೈಗೆ ಉಪ್ಪುನೀರು ಸವರಿ ಅದರ ಮೂತಿಯ ಮುಂದೆ ತಂದಳು. ಉಪ್ಪಿನ ಆಸೆಗೆ ಕುರಿ ಒಮ್ಮೆ ನೆಕ್ಕಿತು, ಇನ್ನೊಮ್ಮೆ ನೆಕ್ಕಿತು. “ನೆಕ್ಕಿ ನೆಕ್ಕಿ ತಂದಾಗ್ತದ್ರಿ” ಎಂದಳು ನನ್ನ ಕಡೆ ನೋಡದೆ. “ನಾಕ ದಿನ ಹಿಡೀಬೇಕು. ನನಗ ಈ ಮನಿ ತಂದಾಗ್ಲಿಕ್ಕಿ ಒಂದ್ ವರ್ಷ ಹಿಡೀತು.” ಬಲೆ ಬಿಗಿಯುತ್ತಿದ್ದ ಗಂಡನಿಗೆ ಕೇಳಿಸಿರಬೇಕು. ತಲೆ ತಗ್ಗಿಸಿಕೊಂಡೇ ನಕ್ಕ.

ಆ ಹಿಂಡಿನಲ್ಲಿ ಅವಳದೇ ಕುರಿಗಳೂ ಇದ್ದವು, ತವರಿನಿಂದ ಬಂದವು. ಗುರುತು ಕಿವಿಯಲ್ಲಿ, ಗಂಡನ ಮನೆಯ ಕುರಿಗೆ ಒಂದು ಕಚ್ಚು, ಅವಳ ಕುರಿಗೆ ಬೇರೆ ಕಚ್ಚು. ಕತ್ತಲಲ್ಲೂ ಅವಳು ಬೆರಳಿಂದ ಕಿವಿ ಸವರಿ ತನ್ನದು ಯಾವುದು ಅಂತ ಹೇಳುತ್ತಿದ್ದಳು. ನಮ್ಮ ಪೇಟೆಯ ಎಷ್ಟು ಹೆಂಗಸರ ಹೆಸರಲ್ಲಿ ಇಷ್ಟು ನಡೆದಾಡುವ ಆಸ್ತಿ ಇದೆಯೋ, ನೀವೇ ನೋಡಿಕೊಳ್ಳಿ.

ಹೊಲದ ಯಜಮಾನರು ಬಂದರು, ಜೊತೆಗೆ ಚೀಲದಲ್ಲಿ ಜೋಳ. ಕುರಿ ತರುಬಿದ್ದಕ್ಕೆ ಕೂಲಿ. ಕೆಲವರು ಹಣ ಕೊಡುತ್ತಾರೆ, ಕೆಲವರು ಕಾಳು ಅಳೆಯುತ್ತಾರೆ. ಇನ್ನೊಬ್ಬರ ಹೊಲದಲ್ಲಿ ರಾತ್ರಿ ಮಲಗಿದ್ದಕ್ಕೆ ಮಲಗಿದವನಿಗೇ ಬಾಡಿಗೆ! ಆದರೆ ಲೆಕ್ಕ ಹಾಕಿದರೆ ಇದಕ್ಕಿಂತ ನ್ಯಾಯದ ವ್ಯಾಪಾರ ಇಲ್ಲ. ಹಗಲು ಕುರಿ ತಿನ್ನುವುದು ಉದುರಿದ ತೊಗರಿ ಎಲೆ, ಬದುವಿನ ಕಸ. ರಾತ್ರಿ ಅದೇ ಹಿಕ್ಕೆಯಾಗಿ, ಗಂಜಲವಾಗಿ ಮಣ್ಣಿಗೆ ಇಳಿಯುತ್ತದೆ. ಗೊರಸು ಅದನ್ನು ತುಳಿದು ಸೇರಿಸುತ್ತದೆ. ಮರುದಿನ ಬಲೆ ಒಂದಿಷ್ಟು ಮುಂದಕ್ಕೆ ಹೋಗುತ್ತದೆ, ಹೊಲದ ಇನ್ನೊಂದು ತುಂಡಿಗೆ ಸರದಿ. 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ನಮ್ಮ ತೊಗರಿಯ ಹೆಸರಿನ ಹಿಂದೆ ಈ ಕರಿ ಕುರಿಗಳ ರಾತ್ರಿಗಳೂ ಇವೆ.

ಚಹಾಕ್ಕೆ ಕೂತಾಗ ಮಹಾರಾಷ್ಟ್ರದ ಗಡಿಯ ಮಾತು ತೆಗೆದದ್ದು ಮುತ್ಯಾ, ಹಿಂಡಿನ ಜೊತೆ ಬಂದಿದ್ದ ಗಂಡನ ಕಡೆಯ ಅಜ್ಜ. ಗಡಿ ಅಂದರೆ ನಮಗೆ ಬೋರ್ಡು, ಬಸ್ಸಿನ ಬಣ್ಣ. ಮುತ್ಯಾನ ಅಪ್ಪನ ಕಾಲಕ್ಕೆ ಇಲ್ಲಿ ಕೂಡುತ್ತಿದ್ದವು ಮೂರು ರಾಜ್ಯಗಳು. ಆಳಂದ, ಅಫಜಲಪುರ, ಜೇವರ್ಗಿ ನಿಜಾಮರವು. ಪಕ್ಕದ ಅಕ್ಕಲಕೋಟ ಭೋಸಲೆ ರಾಜರದು. ಭೀಮೆಯ ಆಚೆಯ ಇಂಡಿ ಬ್ರಿಟಿಷರದು. ಇಲ್ಲಿ ಹಾಲಿ ಸಿಕ್ಕಾ ರೂಪಾಯಿ, ಅಲ್ಲಿ ಕಲ್ದಾರ. ನಡುವೆ ನಿಜಾಮರ ಕರೋಡಗಿರಿ, ಅಂದರೆ ಸುಂಕದ ನಾಕಾ. ಹುಲ್ಲು ಹುಡುಕುತ್ತ ಹೋದ ಒಂದು ಹಿಂಡು ಕೆಲವೇ ದಿನಗಳಲ್ಲಿ ಮೂರು ಸರಕಾರಗಳ ಹುಲ್ಲು ಮೇಯುತ್ತಿತ್ತು! 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು, 1956ರ ನವೆಂಬರ್ 1ಕ್ಕೆ ಈ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಅಕ್ಕಲಕೋಟ ಆಚೆ ಉಳಿಯಿತು. ಬೀಗರು ಮಾತ್ರ ಎರಡೂ ಕಡೆ ಇದ್ದಾರೆ. ಇಲ್ಲಿ ಕುರುಬರು, ಹಾಲುಮತದವರು. ಅಲ್ಲಿ ಧನಗರರು. ಸೊಸೆ ಮರಾಠಿಯಲ್ಲಿ ಲಾಲಿ ಹಾಡಿದರೆ ಅತ್ತೆ ಕನ್ನಡದಲ್ಲಿ ಬೈಯುವ ಮನೆಗಳು ಇಲ್ಲಿ ಹೊಸತಲ್ಲ. ದೀಪಾವಳಿ ಅಮಾವಾಸ್ಯೆಗೆ ಇವರೆಲ್ಲ ಹೋಗುವುದು ಸೋಲಾಪುರ ಜಿಲ್ಲೆಯ ಹುಲಜಂತಿಗೆ. ಮಾಳಿಂಗರಾಯನ ಪಲ್ಲಕ್ಕಿ, ಬೀರಪ್ಪನ ಪಲ್ಲಕ್ಕಿ ಎದುರುಬದುರಾಗಿ ಭೇಟಿಯಾಗುವ ಜಾತ್ರೆ. ಡೊಳ್ಳಿನ ಸದ್ದು, ಆಕಾಶವೇ ಹಳದಿಯಾಗುವಷ್ಟು ಭಂಡಾರ. ವರ್ಷವಿಡೀ ದಿಕ್ಕಿಗೊಬ್ಬರು ನಡೆಯುವ ಮಂದಿಗೆ ಹೆಣ್ಣು ಗಂಡಿನ ಮಾತು ಆಡಲು ಇಷ್ಟು ಅನುಕೂಲದ ಜಾಗ ಇನ್ನೆಲ್ಲಿ?

ಜರ್ಮನಿಯ ಗುಂಥರ್ ಸೊಂಥೈಮರ್ ಎಂಬ ವಿದ್ವಾಂಸರು ಈ ಕುರಿಗಾರರ ಹಾದಿಗಳಲ್ಲೇ ಅಲೆದು ಬೀರೋಬ, ಮ್ಹಸ್ಕೋಬ, ಖಂಡೋಬರ ಮೇಲೆ 1976ರಲ್ಲಿ ಪುಸ್ತಕ ಬರೆದರು. ಮರಾಠಿಯ ರಾ. ಚಿಂ. ಢೇರೆ 1984ರ ‘ಶ್ರೀವಿಠ್ಠಲ: ಏಕ ಮಹಾಸಮನ್ವಯ’ದಲ್ಲಿ ಪಂಢರಪುರದ ವಿಠ್ಠಲನೇ ಮೂಲತಃ ಪಶುಪಾಲಕರ ದೇವರು, ಅವನ ಬೇರು ಕನ್ನಡ ನೆಲದ್ದು ಎಂದು ವಾದಿಸಿದರು. ಪಂಢರಪುರದಲ್ಲಿ ಚಂದ್ರಭಾಗಾ ಎನಿಸಿಕೊಳ್ಳುವ ಹೊಳೆಯೇ ನಮ್ಮ ಭೀಮೆ. ಅಲ್ಲಿ ದೇವರ ಕಾಲು ತೊಳೆದ ನೀರು ಇಲ್ಲಿ ಅಫಜಲಪುರ, ಜೇವರ್ಗಿಯಲ್ಲಿ ಕುರಿ ಕುಡಿಯುತ್ತದೆ!

ಆದರೆ ನನ್ನ ರೋಮ ನಿಮಿರಿದ್ದು ಖಂಡೋಬನ ಕತೆಗೆ. ನಮ್ಮ ಮೈಲಾರಲಿಂಗನೇ ಅವನು. ಪಗಡೆಯಲ್ಲಿ ಹೆಂಡತಿ ಮ್ಹಾಳಸಾಳಿಗೆ ಸೋತು ಹನ್ನೆರಡು ವರ್ಷ ಮನೆ ಬಿಡಬೇಕಾಗುತ್ತದೆ. ಮನಸ್ಸಿನಲ್ಲಿ ಕುರಿಗಾರರ ಹುಡುಗಿ ಬಾಣಾಯಿ. ಅವಳಪ್ಪನ ಮನೆಗೆ ಹೋಗಿ ದೇವರು ಏನಾಗಿ ಸೇರುತ್ತಾನೆ ಗೊತ್ತೇ? ಕುರಿ ಕಾಯುವ ಆಳಾಗಿ! ಹಿಂಡನ್ನೆಲ್ಲ ಕೊಂದು, ಮಗಳನ್ನು ಕೊಟ್ಟರೆ ಬದುಕಿಸುತ್ತೇನೆ ಎಂದು ಹಟ ಹಿಡಿಯುತ್ತಾನೆ. ಗೆದ್ದು ಅವಳನ್ನು ಕರೆದುಕೊಂಡು ಬಂದ ಮೇಲೆ ಸವತಿಯರ ಜಗಳವೂ ಉಂಟು. ನಾನಿದನ್ನು ಹೇಳಿದಾಗ ಮುತ್ಯಾ ಚಹಾ ಕುಡಿಯುವುದನ್ನು ನಿಲ್ಲಿಸಿ, “ಕುರಿ ಕೊಂದಿದ್ದು ತಪ್ಪಾತು, ಬಾಕಿ ಎಲ್ಲಾ ಖರೇ” ಎಂದು ತೀರ್ಪು ಕೊಟ್ಟರು. ಆ ಚಹಾ ಕುರಿಹಾಲಿನದು. ಕೆನೆ ಎಷ್ಟು ದಪ್ಪ ಅಂದರೆ, ತುಟಿಗೆ ಅಂಟಿಕೊಂಡಿತು.

ಕುರಿ ಸತ್ತರೆ ಇವರು ಏನಾಗುತ್ತಾರೆ ಎಂದು ಆ ತೀರ್ಪಿನಲ್ಲೇ ಗೊತ್ತಾಯಿತು. ಹಿರೇಬೇನೆ ಬಂದರೆ ವಾರದೊಳಗೆ ಹಿಂಡು ಅರ್ಧ. ಮಳೆಗಾಲದಲ್ಲಿ ನೊರಜು ಕಚ್ಚಿ ನೀಲಿ ನಾಲಿಗೆ ರೋಗ. ಎರೆಮಣ್ಣು ಕೆಸರಾದರೆ ಗೊರಸಿನ ಸಂದಿ ಕೊಳೆಯುತ್ತದೆ, ಅದಕ್ಕೇ ಮಳೆ ಹಿಡಿಯುವ ಮೊದಲೇ ಮರಡಿ ನೆಲ ಹುಡುಕಿ ಹೊರಡಬೇಕು. 2020ರ ಅಕ್ಟೋಬರದಲ್ಲಿ ಭೀಮೆ ಉಕ್ಕಿ ಈ ದಂಡೆಯ ಊರುಗಳೇ ನೀರಲ್ಲಿ ನಿಂತಾಗ ಬಲೆಯ ದೊಡ್ಡಿಗೆ ಯಾವ ಲೆಕ್ಕ! ರಾತ್ರಿ ತೋಳ, ಅದಕ್ಕಿಂತ ಹೆಚ್ಚಾಗಿ ಕಳ್ಳ. ದೊಡ್ಡಿಯ ನಾಲ್ಕೂ ಮೂಲೆಗೆ ನಾಲ್ಕು ಜನ ಮಲಗುವುದು ಇದಕ್ಕೇ. ನೆಂಟರು ಬಂದರೂ ಗಂಡ ಒಂದು ಮೂಲೆ, ಹೆಂಡತಿ ಇನ್ನೊಂದು ಮೂಲೆ. ಅವಳ ಎರಡನೆಯ ಕೂಸು ಹುಟ್ಟಿದ್ದು ಆಳಂದದ ಆಚೆ ಒಂದು ಬೇವಿನ ಗಿಡದ ಕೆಳಗೆ. ಹಿರಿಯ ಮಗಳು ಊರಲ್ಲಿ ಆಯಿಯ ಹತ್ತಿರ ಉಳಿದು ಶಾಲೆಗೆ ಹೋಗುತ್ತಾಳೆ. ಅವಳ ಹೆಸರು ಬಂದಾಗ ಮಾತ್ರ ತಾಯಿಯ ದನಿ ತಗ್ಗಿತು.

2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1 ಕೋಟಿ 11 ಲಕ್ಷ ಕುರಿಗಳು. ವಲಸೆ ಕುರಿಗಾಹಿಗಳ ಮೇಲಿನ ದೌರ್ಜನ್ಯ ತಡೆಯಲು 2025ರಲ್ಲಿ ವಿಧಾನಮಂಡಲ ಪ್ರತ್ಯೇಕ ವಿಧೇಯಕವನ್ನೇ ಅಂಗೀಕರಿಸಿತು. 2026 ವಿಶ್ವಸಂಸ್ಥೆ ಘೋಷಿಸಿದ ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷ. ಒಳ್ಳೆಯದೇ. ಇವರ ಚಿಂತೆ ಮಾತ್ರ ಕಬ್ಬಿನದು. ಹವಳಗಾ, ಭೂಸನೂರಿಗೆ ಸಕ್ಕರೆ ಕಾರ್ಖಾನೆಗಳು ಬಂದವು, ಭೀಮೆಯ ದಂಡೆ ಹಸಿರಾಯಿತು. ವರ್ಷವಿಡೀ ಬೆಳೆ ನಿಂತ ಹೊಲದಲ್ಲಿ ಕುರಿ ತರುಬುವುದು ಎಲ್ಲಿ? ಉಣ್ಣೆಯಂತೂ ಕೇಳುವವರಿಲ್ಲ. ಒಂದು ಕುರಿಗೆ ವರ್ಷಕ್ಕೆ ಒಂದು ಕಿಲೋ ಸಹ ಸಿಗದ ಆ ಒರಟು ಕರಿ ಉಣ್ಣೆಯನ್ನು ನೂತು, ಹುಣಸೆ ಬೀಜದ ಗಂಜಿ ಹಚ್ಚಿ ನೇಯ್ದ ಕಂಬಳಿ ನನ್ನ ಮೇಲೆ ಹೊದಿಸಿದ್ದರು ಆ ರಾತ್ರಿ. ಚುಚ್ಚುತ್ತಿತ್ತು. ಇಬ್ಬನಿ ಬಿದ್ದರೂ ಒಳಗೆ ಒಂದು ಹನಿ ಇಳಿಯಲಿಲ್ಲ.

ಬೆಳ್ಳಿ ಮೂಡುವ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದಿಗೆ ಎಚ್ಚರವಾಯಿತು. ಬಿಸಿಲೇರುವಷ್ಟರಲ್ಲಿ ಗಂಡ ಬಲೆ ಬಿಚ್ಚಿದ, ಬಟ್ಟೆಯಲ್ಲಿ ಅವಳು ಕಟ್ಟಿಟ್ಟ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಹೆಗಲಿಗೆ ಹಾಕಿಕೊಂಡ, ಹಿಂಡಿನ ಹಿಂದೆ ಹಳ್ಳಕ್ಕೆ ಇಳಿದ. ಹೊಲದ ಯಜಮಾನರು, ಬರುವ ವರ್ಷ ಇಲ್ಲಿ ಕಬ್ಬು ಹಚ್ಚಬೇಕಂತ ಮಾಡೀನಿ ಎಂದು ನನಗೆ ಹೇಳುತ್ತಿದ್ದರು. ಅವಳಿಗೂ ಕೇಳಿಸಿತು. ಏನೂ ಅನ್ನಲಿಲ್ಲ. ಕುದುರೆಗೆ ಮನೆ ಹೇರಿದಳು, ಬುಟ್ಟಿಯಲ್ಲಿ ಮರಿಗಳನ್ನಿಟ್ಟು ನಡುವೆ ಕೂಸನ್ನು ಇಟ್ಟಳು. ಒಲೆಯ ಬೂದಿ ಕೆದರಿದಳು. ಆಮೇಲೆ ಇನ್ನೂ ಬಿಸಿಯಿದ್ದ ಮೂರೂ ಕಲ್ಲುಗಳನ್ನು ಹರಕು ಚೀಲದಲ್ಲಿ ಹಿಡಿದು ಒಯ್ದು, ನೇಗಿಲಿಗೆ ಸಿಗದಂತೆ ಜಾಲಿಯ ಬುಡದಲ್ಲಿ ಒತ್ತಿ ಇಟ್ಟಳು.