‘ರಾಬ್’ ಮತ್ತು ‘ಸ್ಟೀಲ್’: ಕರ್ಮದ ಆಯ್ಕೆಯನ್ನು ಅರ್ಥವು ನಿರ್ಧರಿಸುತ್ತದೆಯೇ?

ಇಂಗ್ಲಿಶಿನ ‘ರಾಬ್’ ಮತ್ತು ‘ಸ್ಟೀಲ್’ ಕ್ರಿಯಾಪದಗಳು ಸೂಚಿಸುವ ಘಟನೆಯಲ್ಲಿ ಮೂರು ಭಾಗಿಗಳಿವೆ: ಕಳ್ಳ, ಕಳೆದುಕೊಂಡವರು ಮತ್ತು ಕಳುವಾದ ವಸ್ತು. ಭಾಗಿಗಳು ಸಮಾನವಾಗಿದ್ದರೂ ಕರ್ಮಸ್ಥಾನ ಪಡೆಯುವವು ಬೇರೆ ಬೇರೆ.

(1) ದೇ ರಾಬ್ಡ್ ದ ಬ್ಯಾಂಕ್ (ಆಫ್ ಇಟ್ಸ್ ಗೋಲ್ಡ್).
(2) ದೇ ಸ್ಟೋಲ್ ದ ಗೋಲ್ಡ್ (ಫ್ರಮ್ ದ ಬ್ಯಾಂಕ್).

(1)ರಲ್ಲಿ ವಸ್ತುವನ್ನೂ (2)ರಲ್ಲಿ ಮೂಲವನ್ನೂ ಬಿಡಬಹುದು. ‘ದೇ ಸ್ಟೋಲ್ ದ ಬ್ಯಾಂಕ್’ ಎಂದರೆ ಬ್ಯಾಂಕನ್ನೇ ಹೊತ್ತೊಯ್ದರು ಎಂಬ ಅರ್ಥ ಬರುತ್ತದೆ.

ಈ ಭೇದಕ್ಕೆ ಬಲಪ್ರಯೋಗವೇ ಕಾರಣವೆಂಬ ಸಾಮಾನ್ಯ ವಿವರಣೆ ಸಾಲದು. ಇಂಗ್ಲೆಂಡಿನ 1968ರ ಕಳವು ಕಾಯಿದೆಯ 8ನೆಯ ಕಲಮು ದರೋಡೆಯನ್ನು ಬಲ ಅಥವಾ ಬೆದರಿಕೆಯಿಂದ ಕೂಡಿದ ಕಳವೆಂದೇ ನಿರೂಪಿಸುತ್ತದೆ. ದರೋಡೆಯೊಳಗೆ ಕಳವು ಅಡಕವಾಗಿದ್ದರೂ ‘ರಾಬ್’ ಪದವು ‘ಸ್ಟೀಲ್’ನ ಕರ್ಮವನ್ನು ಉಳಿಸಿಕೊಂಡಿಲ್ಲ. ಅಲ್ಲದೆ ‘ದ ನಾಯ್ಸ್ ರಾಬ್ಡ್ ಹಿಮ್ ಆಫ್ ಸ್ಲೀಪ್’ ಎಂಬಲ್ಲಿ ಬಲವೂ ಇಲ್ಲ, ಕಳ್ಳನೂ ಇಲ್ಲ. ರಚನೆ ಮಾತ್ರ ಹಾಗೆಯೇ ಇದೆ.

ಬೆತ್ ಲೆವಿನ್ 1993ರ ವರ್ಗೀಕರಣದಲ್ಲಿ ಇವೆರಡನ್ನೂ ಪ್ರತ್ಯೇಕ ವರ್ಗಗಳಲ್ಲಿ ಇರಿಸಿದರು. ಅಡೆಲ್ ಗೋಲ್ಡ್‌ಬರ್ಗ್ 1995ರಲ್ಲಿ ಇದನ್ನು ಮುನ್ನೆಲೆಯ ಭೇದವೆಂದು ವಿವರಿಸಿದರು: ‘ರಾಬ್’ ಕಳೆದುಕೊಂಡವರನ್ನು ಮುನ್ನೆಲೆಗೆ ತರುತ್ತದೆ, ‘ಸ್ಟೀಲ್’ ವಸ್ತುವನ್ನು. ‘ರಾಬ್’ ಬಳಸಬೇಕಾದರೆ ಕಳೆದುಕೊಂಡವರಿಗೆ ಗಣನೀಯ ಹಾನಿಯಾಗಿರಬೇಕು. ಸಿರಿವಂತನಿಂದ ಒಂದು ನಾಣ್ಯವನ್ನು ‘ಸ್ಟೀಲ್’ ಮಾಡಬಹುದು. ಅಷ್ಟಕ್ಕೇ ಅವನನ್ನು ‘ರಾಬ್’ ಮಾಡಿದರೆನ್ನುವುದು ಸಹಜವೆನಿಸದು. ನಿದ್ದೆಯ ಉದಾಹರಣೆಗೂ ಈ ವಿವರಣೆ ಒಗ್ಗುತ್ತದೆ.

ಆದರೆ ಮುನ್ನೆಲೆಯು ಘಟನೆಯಿಂದಲೇ ತಾನಾಗಿ ಹೊಮ್ಮುವುದೆನ್ನಲಾಗದು. ಬ್ರಿಟನ್ ಮತ್ತು ಐರ್ಲೆಂಡಿನ ಆಡುಮಾತಿನಲ್ಲಿ ‘ಹಿ ರಾಬ್ಡ್ ಮೈ ಬೈಕ್’ ಎಂಬಂತಹ ಪ್ರಯೋಗಗಳಿವೆ. ಅಲ್ಲಿ ಕರ್ಮವು ವಸ್ತುವೇ. ಕನ್ನಡದ ‘ಕದಿ’ ಧಾತುವು ‘ಸ್ಟೀಲ್’ನಂತೆ ವಸ್ತುವನ್ನು ಮಾತ್ರ ಕರ್ಮವಾಗಿಸುತ್ತದೆ. ‘ದೋಚು’ ಎರಡನ್ನೂ ಒಪ್ಪುತ್ತದೆ: ‘ಚಿನ್ನವನ್ನು ದೋಚಿದರು’, ‘ಮನೆಯನ್ನು ದೋಚಿದರು’. ಆದರೆ ಎರಡನೆಯ ವಾಕ್ಯಕ್ಕೆ ಚಿನ್ನವನ್ನು ಸೇರಿಸಲು ಇಂಗ್ಲಿಶಿನ ‘ಆಫ್’ಗೆ ಸಮನಾದ ವಿಭಕ್ತಿ ಕನ್ನಡದಲ್ಲಿಲ್ಲ, ಸೇರಿಸಹೊರಟರೆ ‘ಮನೆಯಿಂದ ಚಿನ್ನವನ್ನು ದೋಚಿದರು’ ಎಂದು ಮೊದಲ ರಚನೆಗೇ ಮರಳಬೇಕಾಗುತ್ತದೆ.

ಕ್ರಿಯಾಪದದ ಅರ್ಥದಿಂದ ಅದರ ವಾಕ್ಯರಚನೆಯನ್ನು ಊಹಿಸಬಹುದೆಂಬ ನಿಲುವಿಗೆ ಈ ಜೋಡಿ ಒಂದು ಮಿತಿಯನ್ನು ತೋರುತ್ತದೆ. ‘ಅರ್ಥ’ವೆಂದರೆ ಘಟನೆಯ ಚಿತ್ರಣವಷ್ಟೇ ಆದರೆ ಊಹೆ ಸೋಲುತ್ತದೆ. ಯಾವ ಭಾಗಿಯನ್ನು ಮುಂದಿಡಬೇಕೆಂಬ ಭಾಷಾನಿರ್ದಿಷ್ಟ ರೂಢಿಯನ್ನೂ ಪದಾರ್ಥದ ಅಂಗವೆಂದು ಪರಿಗಣಿಸಿದಾಗ ಮಾತ್ರ ಅದು ನಿಲ್ಲುತ್ತದೆ. ಆದ್ದರಿಂದ ದ್ವಿಭಾಷಾ ನಿಘಂಟುಗಳು ಇಂತಹ ಧಾತುಗಳಿಗೆ ಸಮಾನಪದದೊಡನೆ ಕರ್ಮದ ಸ್ವರೂಪವನ್ನೂ ನಮೂದಿಸುವುದು ಅಗತ್ಯ.