ಮೂವತ್ತು ಡಾಲರ್ ರಬ್ಬರು, ಒಂಬೈನೂರು ಡಾಲರ್ ಬಿಲ್ಲು

ಚಳಿಗಾಲ ಕಳೆದು ಮಾರ್ಚ್ ಬಂತೆಂದರೆ ನ್ಯೂಯಾರ್ಕ್-ನ್ಯೂಜೆರ್ಸಿಯ ನಮ್ಮ ಕಾರುಗಳು ಮಾತಾಡತೊಡಗುತ್ತವೆ. ರಸ್ತೆಯ ಬಿರುಕಿಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಹಗಲು ಕರಗುತ್ತದೆ. ಹೀಗೆ ಹತ್ತಾರು ಸಲ ಆದ ಮೇಲೆ ಡಾಂಬರು ಕಿತ್ತು ಗುಂಡಿ ಬೀಳುತ್ತದೆ. ರೂಟ್ 1ರಲ್ಲೋ ಬ್ರೂಕ್ಲಿನ್-ಕ್ವೀನ್ಸ್ ಎಕ್ಸ್‌ಪ್ರೆಸ್‌ವೇಯಲ್ಲೋ ಅಂಥ ಗುಂಡಿಗೆ ಚಕ್ರ ಇಳಿದಾಗ ಮುಂದುಗಡೆಯಿಂದ 'ದಡ್' ಎಂಬ ಸದ್ದು. ಗ್ಯಾರೇಜಿಗೆ ಒಯ್ದರೆ "ಕಂಟ್ರೋಲ್ ಆರ್ಮ್ ಬುಷಿಂಗ್ ಹೋಗಿದೆ, ಒಂಬೈನೂರು ಡಾಲರ್" ಎಂಬ ಉತ್ತರ. ಒಂದು ಹಿಡಿ ರಬ್ಬರಿಗೆ ಇಷ್ಟೇಕೆ? ಕಥೆ-ಕವಿತೆಗಳ ನಡುವೆ ಈ ಲೌಕಿಕಕ್ಕೂ ಒಂದು ಪುಟ ಕೊಡೋಣ. ನಮ್ಮ ಸಭೆಗೆ ಬರುವವರು ಕ್ಷೇಮವಾಗಿ ಬಂದು ತಲುಪಬೇಕಲ್ಲ!

ಮೊದಲು ಬುಷ್ ಎಂದರೇನು ಎಂದು ನೋಡೋಣ. (ಮಾಜಿ ಅಧ್ಯಕ್ಷರಿಗೂ ಇದಕ್ಕೂ ಸಂಬಂಧವಿಲ್ಲ.) ಮುಂದಿನ ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಕಬ್ಬಿಣದ ತೋಳೇ ಕಂಟ್ರೋಲ್ ಆರ್ಮ್. ತೋಳು ಚೌಕಟ್ಟಿಗೆ ಸೇರುವ ಕೀಲಿನಲ್ಲಿ ಎರಡು ಲೋಹದ ಬಳೆಗಳ ನಡುವೆ ರಬ್ಬರು ಕೂತಿರುತ್ತದೆ. ಚಕ್ರ ಮೇಲೆ ಕೆಳಗೆ ಆಡಿದಾಗ ಈ ರಬ್ಬರು ಜಾರುವುದಿಲ್ಲ, ತಿರುಚಿಕೊಂಡು ಮತ್ತೆ ನೆಟ್ಟಗಾಗುತ್ತದೆ. ಊರಿನ ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಬೇಕಿತ್ತು. ಇದಕ್ಕೆ ಬೇಡ. ಕಿರುಗುಟ್ಟುತ್ತದೆಂದು ಎಣ್ಣೆ ಸಿಂಪಡಿಸಿದರೆ ರಬ್ಬರು ಉಬ್ಬಿ ಬೇಗ ಹಾಳಾಗುತ್ತದೆ.

ವರ್ಷಗಳು ಕಳೆದಂತೆ ರಬ್ಬರು ಗಡುಸಾಗಿ, ಬಿರಿದು, ಕೊನೆಗೆ ಹರಿಯುತ್ತದೆ. ಆಗ ಚಕ್ರ ತನ್ನ ಜಾಗದಲ್ಲಿ ನಿಲ್ಲುವುದಿಲ್ಲ. ಬ್ರೇಕ್ ಒತ್ತಿದರೆ ಕಾರು ಒಂದು ಕಡೆಗೆ ಎಳೆಯುತ್ತದೆ, ಸ್ಟಿಯರಿಂಗ್ ಅಲೆದಾಡುತ್ತದೆ, ಟೈರಿನ ಒಂದು ಅಂಚು ಮಾತ್ರ ಸವೆಯುತ್ತದೆ. ಸದ್ದು ಕಿವಿಗೆ ಕಿರಿಕಿರಿ ಅಷ್ಟೇ. ಟರ್ನ್‌ಪೈಕಿನ ವೇಗದಲ್ಲಿ ಬ್ರೇಕ್ ಹಾಕಿದಾಗ ಕಾರು ಪಕ್ಕದ ಸಾಲಿಗೆ ಸರಿಯುವುದು ಜೀವದ ಪ್ರಶ್ನೆ.

ಈಗ ಲೆಕ್ಕಕ್ಕೆ ಬರೋಣ. ಕೂಲಿ ಗಂಟೆಗೆ 150 ಡಾಲರ್ ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ತೋಳಿಗೆ ಎರಡರಂತೆ ಎರಡು ಕಡೆಗೆ ನಾಲ್ಕು ಬುಷ್, ತಲಾ 30ರಂತೆ 120 ಡಾಲರ್. ಆದರೆ ತೋಳು ಬಿಚ್ಚಿ, ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಹಳೆಯದನ್ನು ಒತ್ತಿ ತೆಗೆದು ಹೊಸದನ್ನು ಕೂರಿಸಲು ಐದು ಗಂಟೆ ಹಿಡಿದರೆ ಕೂಲಿ 750. ಕೊನೆಗೆ ವೀಲ್ ಅಲೈನ್‌ಮೆಂಟ್ 140. ಒಟ್ಟು 1,010. ಬದಲಿಗೆ ಬುಷ್ ಸಮೇತ ಬರುವ ಹೊಸ ತೋಳುಗಳನ್ನೇ ತಲಾ 130ಕ್ಕೆ ಕೊಂಡರೆ 260, ಮೂರು ಗಂಟೆ ಕೂಲಿ 450, ಅಲೈನ್‌ಮೆಂಟ್ 140. ಒಟ್ಟು 850. ನ್ಯೂಜೆರ್ಸಿಯ 6.625 ಶೇಕಡಾ ತೆರಿಗೆ ಕೂಲಿಗೂ ಸೇರಿ ಬೀಳುತ್ತದೆ: ಸುಮಾರು 906. ನ್ಯೂಯಾರ್ಕ್ ನಗರದ 8.875ರಲ್ಲಿ ಸುಮಾರು 925.

ಹೆಚ್ಚು ಸಾಮಾನು ಕೊಂಡರೆ ಬಿಲ್ಲು ಕಡಿಮೆ! ನಮ್ಮವರಿಗೆ ಇದು ವಿಚಿತ್ರವೆನಿಸುವುದು ಸಹಜ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನು ಕಂಡವರಿಗೆ ಬುಷ್ ಮಾತ್ರ ತಂದು ಒತ್ತಿಸುವುದೇ ಜಾಣತನ, ಏಕೆಂದರೆ ಅಲ್ಲಿ ಸಾಮಾನು ದುಬಾರಿ, ಕೈಕೆಲಸ ಅಗ್ಗ. ಇಲ್ಲಿ ಅದು ತಿರುವುಮುರುವು. ಹಾಗಾಗಿ ಮೆಕ್ಯಾನಿಕ್ "ಇಡೀ ಆರ್ಮ್ ಬದಲಿಸೋಣ" ಎಂದರೆ ಅದು ಯಾವಾಗಲೂ ಟೋಪಿ ಹಾಕುವ ಮಾತಲ್ಲ. ಹಲವು ಕಾರುಗಳಲ್ಲಿ ಹೊಸ ತೋಳಿನ ಜೊತೆ ಬಾಲ್ ಜಾಯಿಂಟ್ ಕೂಡ ಬರುತ್ತದೆ. ಆದರೆ ತೋಳಿನ ಬೆಲೆಯೇ ನಾನೂರು ಐನೂರು ಆಗುವ ಕಾರುಗಳಲ್ಲಿ ಲೆಕ್ಕ ಮತ್ತೆ ತಿರುಗುತ್ತದೆ. ಎರಡೂ ಬಗೆಯ ದರ ಕೇಳಿ.

ನಮ್ಮ ಭಾಗದ ಇನ್ನೊಂದು ಖರ್ಚು ಉಪ್ಪು. ಹಿಮ ಕರಗಿಸಲು ಸುರಿದ ಉಪ್ಪಿನಿಂದ ಬೋಲ್ಟು ತುಕ್ಕು ಹಿಡಿದು ಒಳಗಿನ ಬಳೆಗೆ ಅಂಟಿಕೊಂಡುಬಿಡುತ್ತದೆ. ಅದನ್ನು ಕತ್ತರಿಸಿ ತೆಗೆಯಬೇಕಾದರೆ ಕೂಲಿ ಏರುತ್ತದೆ. "ಬೋಲ್ಟ್ ಬರದಿದ್ದರೆ ಎಷ್ಟು?" ಎಂದು ಮೊದಲೇ ಕೇಳಿಬಿಡಿ.

ಒಪ್ಪುವ ಮುನ್ನ ಇನ್ನೂ ಮೂರು ಮಾತು. ಒಂದು, 'ದಡ್' ಎಂದದ್ದೆಲ್ಲ ಕಂಟ್ರೋಲ್ ಆರ್ಮ್ ಅಲ್ಲ. ಸ್ಟೆಬಿಲೈಜರ್ ಲಿಂಕ್ ಸಡಿಲವಾದರೂ ಸದ್ದು ಹೀಗೆಯೇ ಇರುತ್ತದೆ, ಅದರ ಖರ್ಚು ಬಹಳ ಕಡಿಮೆ. ಕಾರನ್ನು ಎತ್ತಿಸಿ, ಹರಿದ ಜಾಗವನ್ನು ಕಣ್ಣಾರೆ ತೋರಿಸಲು ಹೇಳಿ. ಎರಡು, ಮೇಲ್ಮೈಯ ಕೂದಲೆಳೆ ಬಿರುಕು ಕಾಯಬಹುದು. ರಬ್ಬರು ಹರಿದು ಲೋಹಕ್ಕೆ ಲೋಹ ಬಡಿಯುತ್ತಿದ್ದರೆ ಕಾಯಬಾರದು. ಮೂರು, ಕಾರಿನ ಭಾರ ಚಕ್ರದ ಮೇಲೆ ಕೂತ ಎತ್ತರದಲ್ಲೇ ಬುಷ್ ಬೋಲ್ಟನ್ನು ಕೊನೆಯ ಬಾರಿ ಬಿಗಿ ಮಾಡಬೇಕು. ಚಕ್ರ ಜೋತಾಡುವಾಗ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಕಾನೂನೂ ನಮ್ಮ ಕಡೆಗಿದೆ. ನ್ಯೂಯಾರ್ಕಿನಲ್ಲಿ ರಿಪೇರಿ ಅಂಗಡಿ ಡಿಎಂವಿಯಲ್ಲಿ ನೋಂದಾಯಿಸಿರಬೇಕು, ಕೇಳಿದರೆ ಅಂದಾಜನ್ನು ಬರೆದು ಕೊಡಬೇಕು, ನಮ್ಮ ಒಪ್ಪಿಗೆಯಿಲ್ಲದೆ ಅದನ್ನು ಮೀರುವಂತಿಲ್ಲ. ಕೆಲಸಕ್ಕೆ ಮೊದಲೇ ಬರೆದು ಕೇಳಿದರೆ, ವಾರಂಟಿಗೆ ಅಥವಾ ವಿನಿಮಯಕ್ಕೆ ಹೋಗುವುದನ್ನು ಬಿಟ್ಟು, ಹಳೆಯ ಭಾಗಗಳನ್ನು ಹಿಂತಿರುಗಿಸಬೇಕು. ದೂರು ಕೊಡಲು 90 ದಿನ ಅಥವಾ 3,000 ಮೈಲಿ, ಯಾವುದು ಮೊದಲೋ ಅದರೊಳಗೆ ಅವಕಾಶ. ನ್ಯೂಜೆರ್ಸಿಯ ನಿಯಮದಲ್ಲೂ ಕೆಲಸಕ್ಕೆ ಮುನ್ನ ನಮ್ಮ ಸಹಿ ಬೇಕು.

ಹಡ್ಸನ್ನಿನ ಈಚೆ ದಡದವರು ಒಂದು ವ್ಯತ್ಯಾಸ ನೆನಪಿಡಬೇಕು. ನ್ಯೂಯಾರ್ಕಿನ ವಾರ್ಷಿಕ ತಪಾಸಣೆಯಲ್ಲಿ ಸಸ್ಪೆನ್ಷನ್ನನ್ನೂ ನೋಡುತ್ತಾರೆ. ನ್ಯೂಜೆರ್ಸಿ 2010ರ ಆಗಸ್ಟ್ 1ರಿಂದ ಖಾಸಗಿ ಕಾರುಗಳ ಯಾಂತ್ರಿಕ ತಪಾಸಣೆಯನ್ನೇ ಕೈಬಿಟ್ಟು ಹೊಗೆಯ ಪರೀಕ್ಷೆಯನ್ನು ಮಾತ್ರ ಉಳಿಸಿಕೊಂಡಿತು. ಗಾಜಿನ ಮೇಲಿನ ಹೊಸ ಸ್ಟಿಕರ್ ನಿಮ್ಮ ಬುಷ್ ಬಗ್ಗೆ ಏನನ್ನೂ ಹೇಳುವುದಿಲ್ಲ. ಆಯಿಲ್ ಬದಲಿಸಲು ಕಾರು ಹೇಗೂ ಮೇಲೇರುತ್ತದೆ. ಆಗ "ಮುಂದಿನ ಬುಷ್‌ಗಳನ್ನೂ ಒಮ್ಮೆ ನೋಡಿಬಿಡಿ" ಎಂದು ಹೇಳುವುದು ನಮಗೇ ಬಿಟ್ಟ ಕೆಲಸ.