ಸಾಮೂಹಿಕ ವಿದ್ಯುತ್ ಉಪಕರಣಗಳು: ಸದಸ್ಯತ್ವ ಬೇರೆ, ಚಾಲನೆಯ ಅನುಮತಿ ಬೇರೆ

ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಹೋಬಳಿಯ ರೈತರಿಗೆ ಯಂತ್ರವನ್ನು ಹಂಚಿಕೊಂಡು ಬಳಸುವುದು ಹೊಸ ವಿಷಯವಲ್ಲ. 2014-15ನೇ ಸಾಲಿನಲ್ಲಿ ರಾಜ್ಯದಲ್ಲಿ ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರಗಳು ಆರಂಭವಾದ ಮೇಲೆ ಟ್ರ್ಯಾಕ್ಟರ್, ರೋಟವೇಟರ್, ಒಕ್ಕಣೆ ಯಂತ್ರಗಳನ್ನು ಬಾಡಿಗೆಗೆ ಪಡೆಯುವ ಕ್ರಮ ಎಲ್ಲರಿಗೂ ಪರಿಚಿತವಾಗಿದೆ. ಟ್ರ್ಯಾಕ್ಟರಿನೊಡನೆ ಸಾಮಾನ್ಯವಾಗಿ ಅದನ್ನು ಬಲ್ಲ ಚಾಲಕನೂ ಬರುತ್ತಾನೆ. ಕೈಯಲ್ಲಿ ಹಿಡಿದು ನಡೆಸುವ ವಿದ್ಯುತ್ ಉಪಕರಣಗಳ ಸ್ಥಿತಿ ಹಾಗಲ್ಲ. ಸಂಜೀವಿನಿ ಒಕ್ಕೂಟವಾಗಲಿ, ರೈತ ಉತ್ಪಾದಕ ಸಂಸ್ಥೆಯಾಗಲಿ, ಕುಶಲಕರ್ಮಿಗಳ ಸಂಘವಾಗಲಿ ಒಂದು ಕೊಠಡಿಯಲ್ಲಿ ಡ್ರಿಲ್, ಗ್ರೈಂಡರ್, ವೆಲ್ಡಿಂಗ್ ಯಂತ್ರ, ಮರ ಕೊಯ್ಯುವ ಯಂತ್ರಗಳನ್ನು ಸದಸ್ಯರಿಗಾಗಿ ಇರಿಸಿದಾಗ ಪಡೆದವರೇ ಚಾಲಕರಾಗುತ್ತಾರೆ. ಆದ್ದರಿಂದ ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬ ಪ್ರಶ್ನೆಯನ್ನು ಯಂತ್ರ ಖರೀದಿಸುವ ಮೊದಲೇ ತೀರ್ಮಾನಿಸಿಕೊಳ್ಳುವುದು ಅಗತ್ಯ.

ಹೊಗೆಸೊಪ್ಪು ಬೆಳೆಯುವ ಈ ಭಾಗದಲ್ಲಿ ಸೊಪ್ಪು ಹದಗೊಳಿಸುವ ಕಾಲಕ್ಕೆ ಮುನ್ನ ಬ್ಯಾರನ್‌ಗಳ ತಗಡಿನ ಕೊಳವೆ, ಬಾಗಿಲುಗಳ ರಿಪೇರಿ ಒಮ್ಮೆಲೇ ಬರುತ್ತದೆ. ಆಗ ಎಲ್ಲರಿಗೂ ಬೇಕಾಗುವುದು ಗ್ರೈಂಡರ್. 4 ಅಂಗುಲದ ಸಾಮಾನ್ಯ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. 7 ಅಂಗುಲದ ಕಟಿಂಗ್ ವೀಲ್ ತಡೆದುಕೊಳ್ಳುವ ಗರಿಷ್ಠ ವೇಗ ಸಾಮಾನ್ಯವಾಗಿ 8,500 ಸುತ್ತು. ಆ ಅಂಕಿ ವೀಲಿನ ಮೇಲೆಯೇ ಮುದ್ರಿತವಾಗಿರುತ್ತದೆ. ಆಳವಾಗಿ ಕೊಯ್ಯಬೇಕೆಂದು ರಕ್ಷಾಕವಚ ಬಿಚ್ಚಿ, ಮಧ್ಯದ ತೂತಿಗೆ ಬಳೆ ಕೂರಿಸಿ, ದೊಡ್ಡ ವೀಲನ್ನು ಸಣ್ಣ ಗ್ರೈಂಡರಿಗೆ ಹಾಕಿದರೆ ಅದು ಒಡೆದು ಚೂರುಗಳು ಮುಖಕ್ಕೆ, ಕುತ್ತಿಗೆಗೆ ಸಿಡಿಯಬಹುದು. ಇದನ್ನು ಮಾಡುವವರು ಬಹುತೇಕ ದುಡುಕಿನವರಲ್ಲ, ತಿಳಿಯದವರು. ಡ್ರಿಲ್ ನಡೆಸುವಾಗ ಕೈಗವಸು ಹಾಕಬಾರದು, ಹೆಗಲ ಮೇಲಿನ ಟವೆಲ್, ಸೀರೆಯ ಸೆರಗು ಇಳಿಬಿದ್ದಿರಬಾರದು ಎಂಬುದೂ ಹೇಳಿಕೊಟ್ಟರೆ ಮಾತ್ರ ತಿಳಿಯುವ ಸಂಗತಿ. ಕೈಗೆ ರಕ್ಷಣೆಯೆಂದು ತೊಟ್ಟ ಗವಸನ್ನೇ ತಿರುಗುವ ಬಿಟ್ ಸುತ್ತಿಕೊಂಡು ಬೆರಳನ್ನು ಎಳೆಯುತ್ತದೆ.

ಸದಸ್ಯತ್ವ ಶುಲ್ಕ ಪಾವತಿಸಿದವರಿಗೆಲ್ಲ ಎಲ್ಲ ಯಂತ್ರಗಳ ಮೇಲೂ ಹಕ್ಕಿದೆ ಎಂಬ ಭಾವನೆಯಿಂದಲೇ ಜಗಳ ಆರಂಭವಾಗುತ್ತದೆ. ಸಂಘದ ಲಾಭ, ಮತ, ಸರದಿ ಇವುಗಳಲ್ಲಿ ಎಲ್ಲರೂ ಸಮಾನರು. ಯಂತ್ರ ಚಾಲನೆಯ ಅನುಮತಿಯನ್ನು ಮಾತ್ರ ಒಂದೊಂದು ಯಂತ್ರಕ್ಕೂ ಪ್ರತ್ಯೇಕವಾಗಿ, ಮಾಡಿ ತೋರಿಸಿದ ಮೇಲೆಯೇ ನೀಡಬೇಕು. ಡ್ರಿಲ್ ಬಲ್ಲವರಿಗೆ ಮರ ಕೊಯ್ಯುವ ಯಂತ್ರದ ಅನುಮತಿ ತಾನಾಗಿ ದೊರೆಯದು. 18 ವರ್ಷ ತುಂಬದವರಿಗೆ, ಅವರು ಸದಸ್ಯರ ಮಕ್ಕಳೇ ಆಗಿದ್ದರೂ, ಯಾವ ಯಂತ್ರವನ್ನೂ ಕೊಡತಕ್ಕದ್ದಲ್ಲ.

ಈ ವಿಚಾರ ಕಾನೂನಿಗೂ ಹಳೆಯದು. 1948ರ ಕಾರ್ಖಾನೆಗಳ ಕಾಯ್ದೆಯ 22ನೇ ಪ್ರಕರಣವು, ಚಲಿಸುತ್ತಿರುವ ಯಂತ್ರದ ಬಳಿ ಕೆಲವು ಕೆಲಸ ಮಾಡುವವರು ವಿಶೇಷ ತರಬೇತಿ ಪಡೆದಿರಬೇಕು, ಮೈಗೆ ಅಂಟಿದ ಉಡುಪು ಧರಿಸಿರಬೇಕು ಮತ್ತು ಅವರ ಹೆಸರು ರಿಜಿಸ್ಟರಿನಲ್ಲಿ ದಾಖಲಾಗಿರಬೇಕು ಎಂದು ವಿಧಿಸಿತ್ತು. ಸಣ್ಣ ಸಾಮೂಹಿಕ ಕೊಠಡಿಗೆ ಆ ಕಾಯ್ದೆ ನೇರವಾಗಿ ಅನ್ವಯವಾಗದಿದ್ದರೂ ಅದರ ತಿರುಳು ಅನುಸರಿಸತಕ್ಕದ್ದು. ಅದೇ ಪ್ರಕರಣ ಆ ಕೆಲಸವನ್ನು ಪುರುಷರಿಗೆ ಮಾತ್ರ ಮೀಸಲಿಟ್ಟಿತ್ತು. ಆ ಭಾಗವನ್ನು ಇಂದಿನ ಮಹಿಳಾ ಒಕ್ಕೂಟಗಳು ಅನುಕರಿಸಬೇಕಾಗಿಲ್ಲ. ಕಲಿತು ತೋರಿಸಿದ ಮಹಿಳೆಗೆ ಅನುಮತಿ ನಿರಾಕರಿಸುವುದು, ಕಲಿಯದ ಪುರುಷನಿಗೆ ಸಲಿಗೆಯಿಂದ ಕೊಡುವುದು ಎರಡೂ ತಪ್ಪು.

ನಿಯಂತ್ರಣದ ಅತಿ ಸರಳ ವಿಧಾನ ಬಿಲ್ಲೆಯದು. ಕಾರ್ಖಾನೆಗಳ ಉಪಕರಣ ಕೊಠಡಿಗಳಲ್ಲಿ ಇದು ಬಹುಕಾಲದಿಂದ ಬಳಕೆಯಲ್ಲಿದೆ. ಪ್ರತಿ ಸದಸ್ಯರಿಗೂ ಸಂಖ್ಯೆ ಕೊರೆದ ತಗಡಿನ ಬಿಲ್ಲೆ ಕೊಡಲಾಗುತ್ತದೆ. ಉಪಕರಣ ಒಯ್ಯುವಾಗ ಅದು ತೂಗುತ್ತಿದ್ದ ಮೊಳೆಗೆ ಬಿಲ್ಲೆ ಸಿಕ್ಕಿಸಬೇಕು. ಗೋಡೆ ನೋಡಿದರೆ ಸಾಕು, ಯಾವುದು ಯಾರ ಬಳಿ ಇದೆ ಎಂದು ತಿಳಿಯುತ್ತದೆ. ನೆಲಕ್ಕೆ ಬಿಗಿದ ದೊಡ್ಡ ಯಂತ್ರಕ್ಕಾದರೆ ಕೊಠಡಿಯ ಬಾಗಿಲಿಗಿಂತ ಮೇನ್ ಸ್ವಿಚ್ಚಿಗೆ ಬೀಗ ಹಾಕುವುದು ಮೇಲು. ಬಾಗಿಲು ತೆರೆದರೆ ಎಲ್ಲ ಯಂತ್ರಗಳೂ ಕೈಗೆಟಕುತ್ತವೆ. ಸ್ವಿಚ್ಚಿನ ಬೀಗದ ಕೈ ಒಂದೇ ಯಂತ್ರಕ್ಕೆ ಸೀಮಿತ.

ಎರಡನೆಯದು ಕಾರ್ಡಿನ ವಿಧಾನ. ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಿಂದ ಹೊರಟ ಫ್ಯಾಬ್ ಲ್ಯಾಬ್ ಕಲ್ಪನೆ 2002ರಲ್ಲಿ ಪುಣೆ ಜಿಲ್ಲೆಯ ಪಾಬಳದ ವಿಜ್ಞಾನ ಆಶ್ರಮಕ್ಕೆ ಬಂದಿತು. ಆ ಬಳಿಕ ಸಾಮೂಹಿಕ ಕಾರ್ಯಾಗಾರಗಳು ಹಲವೆಡೆ ಬೆಳೆದಿವೆ. ಅವುಗಳಲ್ಲಿ ಕೆಲವು ಯಂತ್ರದ ವಿದ್ಯುತ್ ಮಾರ್ಗದಲ್ಲಿ ಕಾರ್ಡ್ ಓದುವ ಸಾಧನ ಮತ್ತು ಕಾಂಟ್ಯಾಕ್ಟರ್ ಅಳವಡಿಸುತ್ತವೆ. ಕಾರ್ಡ್ ಹಿಡಿದಾಗ ಆ ಸದಸ್ಯರಿಗೆ ಆ ಯಂತ್ರದ ಅನುಮತಿ ಇದ್ದರಷ್ಟೇ ಕಾಂಟ್ಯಾಕ್ಟರ್ ಕೂಡಿ ವಿದ್ಯುತ್ ಹರಿಯುತ್ತದೆ. ಹೆಸರು, ವೇಳೆ ತಾನೇ ದಾಖಲಾಗುತ್ತದೆ. ಆದರೆ ನೆರೆಯವರ ಕಾರ್ಡ್ ಎರವಲು ತಂದರೆ ಅದು ಗುರುತಿಸದು. ಬಿಲ್ಲೆಯನ್ನು ಕೊಡುವಾಗ ಎದುರಿಗೆ ಒಬ್ಬ ಮನುಷ್ಯನಿರುತ್ತಾನೆ ಎಂಬುದು ಅದರ ಹೆಚ್ಚುಗಾರಿಕೆ.

ಕಾಂಟ್ಯಾಕ್ಟರಿನಿಂದ ಇನ್ನೊಂದು ಪ್ರಯೋಜನವಿದ್ದು, ಕಾರ್ಡ್ ಬೇಡವೆನ್ನುವವರೂ ಅದನ್ನು ಪಡೆಯಬೇಕು. ತೋಟದ ಪಂಪ್‌ಸೆಟ್ಟಿಗೆ ಆಟೊ ಸ್ಟಾರ್ಟರ್ ಹಾಕಿಸಿ, ರಾತ್ರಿ ಕರೆಂಟ್ ಬಂದೊಡನೆ ಮೋಟಾರ್ ತಾನೇ ಓಡಲೆಂದು ರೈತರು ಬಯಸುತ್ತಾರೆ. ಕಾರ್ಯಾಗಾರದಲ್ಲಿ ಬೇಕಿರುವುದು ಇದಕ್ಕೆ ನೇರ ವಿರುದ್ಧ. ಕೊಯ್ಯುತ್ತಿರುವಾಗ ಕರೆಂಟ್ ಹೋಯಿತು, ಸ್ವಿಚ್ ಆರಿಸುವುದು ಮರೆತು ಸಿಕ್ಕಿದ ತುಂಡನ್ನು ಕೈಯಿಂದ ಬಿಡಿಸಲು ಹೋದರು, ಅಷ್ಟರಲ್ಲಿ ಕರೆಂಟ್ ಬಂದಿತು ಎಂದಿಟ್ಟುಕೊಳ್ಳೋಣ. ಕಾಂಟ್ಯಾಕ್ಟರನ್ನು ಸ್ಟಾರ್ಟ್ ಗುಂಡಿಯ ಮೂಲಕ ಜೋಡಿಸಿದ್ದರೆ, ಹೋದ ವಿದ್ಯುತ್ ಮರಳಿದರೂ ಮನುಷ್ಯ ಮತ್ತೆ ಗುಂಡಿ ಒತ್ತುವವರೆಗೆ ಯಂತ್ರ ತಿರುಗದು. ಇದರೊಡನೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್ ಇರತಕ್ಕದ್ದು. ನಿಲ್ಲಿಸುವ ಕೆಂಪು ಗುಂಡಿಗೆ ಮಾತ್ರ ಕಾರ್ಡಾಗಲಿ ಅನುಮತಿಯಾಗಲಿ ಬೇಡ. ಅದನ್ನು ಯಾರು ಬೇಕಾದರೂ ಒತ್ತಬಹುದು.

ರಿಜಿಸ್ಟರ್ ಬಗ್ಗೆ ಹೆಚ್ಚು ವಿವರಿಸಬೇಕಾಗಿಲ್ಲ. ಲೆಕ್ಕಪುಸ್ತಕ ನಿರ್ವಹಣೆ ಸ್ವಸಹಾಯ ಸಂಘಗಳ ಪಂಚಸೂತ್ರಗಳಲ್ಲೇ ಒಂದು. ಯಂತ್ರದ ಸಂಖ್ಯೆ, ಒಯ್ದವರು, ಒಯ್ದ ವೇಳೆ, ಮರಳಿಸಿದ ವೇಳೆ, ಎರಡೂ ಬಾರಿ ಯಂತ್ರದ ಸ್ಥಿತಿ, ಸಹಿ, ಇಷ್ಟು ಸಾಕು. ಸ್ಥಿತಿಯ ಅಂಕಣವನ್ನೇ ಬಹಳಷ್ಟು ಕಡೆ ಖಾಲಿ ಬಿಡಲಾಗುತ್ತದೆ. ಮೋಟಾರ್ ಸುಟ್ಟಾಗ ಕೊನೆಗೆ ಒಯ್ದವರ ಮೇಲೆ ಎಲ್ಲ ದೂರು ಬೀಳುವುದು ಆ ಖಾಲಿ ಜಾಗದಿಂದಲೇ. ತಂತಿಯ ಮೇಲಿನ ರಬ್ಬರ್ ಹರಿದಿದೆ, ಕವಚದ ಸ್ಕ್ರೂ ಸಡಿಲವಿದೆ ಎಂದು ಮೊದಲೇ ಬರೆಸಿದವರು ದಂಡಕ್ಕೆ ಹೊಣೆಯಾಗುವುದಿಲ್ಲ. ದೋಷವನ್ನು ತಾವಾಗಿ ಬಂದು ತಿಳಿಸಿದವರಿಗೆ ದಂಡ ವಿಧಿಸದಿರುವುದು ಲೇಸು. ವಿಧಿಸಿದರೆ ಮುಂದಿನವರು ಮುರಿದ ಕವಚವನ್ನು ಮುಚ್ಚಿಟ್ಟು ಹಿಂದಿರುಗಿಸುತ್ತಾರೆ.

ದೋಷ ಕಂಡ ಯಂತ್ರಕ್ಕೆ ಕೆಂಪು ಚೀಟಿ ಕಟ್ಟಿ, ಅದರ ಮೊಳೆಗೆ ಮೇಲ್ವಿಚಾರಕರ ಬಿಲ್ಲೆ ಸಿಕ್ಕಿಸಬೇಕು. ರಿಪೇರಿ ಮಾಡಿದವರೇ ಆ ಚೀಟಿಯನ್ನು ಬಿಚ್ಚಬಾರದು. ಅನುಮತಿ ಪಡೆದ ಇನ್ನೊಬ್ಬ ಸದಸ್ಯರು ಯಂತ್ರವನ್ನು ನಡೆಸಿ ನೋಡಿ, ರಿಜಿಸ್ಟರಿನಲ್ಲಿ ಸಹಿ ಹಾಕಿದ ನಂತರವೇ ಅದು ಬಳಕೆಗೆ ಮರಳತಕ್ಕದ್ದು.